ಹಳೆಯ ಕೊಂಬು ಕೊಳ್ಳುವವರಿಗೆ

ಹುಣಸೂರು, ಪಿರಿಯಾಪಟ್ಟಣದ ಕಡೆ ಹಳೆಯ ಹಿತ್ತಾಳೆ ಕೊಂಬೊಂದು ಗುಜರಿ ಅಂಗಡಿಗೆ ಬಂದರೆ ಅದರ ಬೆಲೆ ತಕ್ಕಡಿಯಲ್ಲೇ ತೀರ್ಮಾನವಾಗುತ್ತದೆ. ತೂತುಬಿದ್ದ ಬಿಂದಿಗೆ, ಮುರಿದ ನಲ್ಲಿ, ಊರದೇವರ ಮುಂದೆ ಊದಿದ ಕೊಂಬು, ಎಲ್ಲಕ್ಕೂ ಕೆ.ಜಿ. ಲೆಕ್ಕ. ವಾದ್ಯವೆಂದು ಗುರುತಿಸಿ ಕೊಳ್ಳುವವರಿಗೆ ಇದು ಲಾಭವೇ. ಆದರೂ ಮೊದಲು ಕಿವಿ ತಯಾರಾಗಲಿ.

ಕೊಂಬಿಗೆ ಬೆರಳಿಡುವ ತೂತಿಲ್ಲ, ಒತ್ತುವ ಗುಂಡಿಯಿಲ್ಲ, ನಾದಸ್ವರದ ಹಾಗೆ ಓಲೆಯ ಪೀಪಿಯೂ ಇಲ್ಲ. ಊದುವವರ ತುಟಿಯೇ ಅದುರಬೇಕು. ತುಟಿಯ ಬಿಗಿ ಹೆಚ್ಚಿದಂತೆ ಸ್ವರ ಜಿಗಿಯುತ್ತದೆ: ಷಡ್ಜದಿಂದ ಪಂಚಮಕ್ಕೆ, ಅಲ್ಲಿಂದ ಮೇಲಿನ ಷಡ್ಜಕ್ಕೆ. ನಡುವಿನ ಮೆಟ್ಟಿಲುಗಳು ಕೊಳವೆಯಲ್ಲಿ ಇಲ್ಲ. ಹಾಗಾಗಿ ಇದರಲ್ಲಿ ರಾಗ ಹುಡುಕಲು ಹೊರಟವರು ನಿರಾಶರಾಗುತ್ತಾರೆ. ಕೇಳಬೇಕಾದದ್ದು ಬೇರೆ. ತಮಟೆ, ನಗಾರಿಯ ಪೆಟ್ಟಿಗೆ ಸರಿಯಾಗಿ ಧ್ವನಿ ಒಡೆದು ಹೊರಬರುವುದು, ಉಸಿರು ಮುಗಿಯುವ ಮುನ್ನ ಒಂದಿಷ್ಟು ಮೇಲೇರಿಸಿ ಬಿಡುವುದು, ಜೋಡಿಯಲ್ಲಿ ಒಬ್ಬರು ಬಿಟ್ಟ ಕಡೆ ಇನ್ನೊಬ್ಬರು ಹಿಡಿಯುವುದು. ಒಳ್ಳೆಯ ಊದುಗಾರ ಗಟ್ಟಿಯಾಗಿ ಊದುವವನಲ್ಲ. ಮೊದಲ ಕ್ಷಣದಲ್ಲೇ ಸ್ವರ ಸ್ವಚ್ಛವಾಗಿ ಹಿಡಿಯುವವನು.

ಊರಹಬ್ಬದಲ್ಲಿ ದೇವರು ಹೊರಡುವ ಹೊತ್ತಿಗೆ ಹತ್ತಿರ ನಿಂತು ಕೇಳಿ. ಪಿರಿಯಾಪಟ್ಟಣ ದಾಟಿದರೆ ಕೊಡಗು; ಅಲ್ಲಿ ಪುತ್ತರಿ ಹಬ್ಬದ ಕಾಲಕ್ಕೆ ಕೊಂಬು–ಕೊಟ್ಟು ವಾದ್ಯ ಕೇಳಿಸುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನದೇ ಆದ ಬೈಲಕುಪ್ಪೆಯಲ್ಲಿ 1963ರಲ್ಲಿ ಟಿಬೆಟನ್ ಗುರು ಪೆನೊರ್ ರಿಂಪೋಚೆ ಕಟ್ಟಿದ ನಾಮ್‌ಡ್ರೋಲಿಂಗ್ ಮಠವಿದೆ. ಅಲ್ಲಿನ ಉದ್ದ ಕಹಳೆ ದುಂಗ್‌ಚೆನ್ ಒಂದರೊಳಗೊಂದು ಸೇರುವ ತುಂಡುಗಳದ್ದು. ಅದನ್ನೂ ಜೋಡಿಯಾಗಿಯೇ ಊದುತ್ತಾರೆ, ನಾದ ಕಡಿಯಬಾರದೆಂದು. ನಮ್ಮ ಕೊಂಬು ಮೇಲಕ್ಕೆ ಜಿಗಿದರೆ ಅದು ತಳದಲ್ಲೇ ಗುಡುಗುತ್ತದೆ. ಎರಡನ್ನೂ ಕೇಳಿದವರಿಗೆ ಕೊಳವೆಯ ಉದ್ದ ಏನು ಮಾಡುತ್ತದೆಂದು ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಕೊಳ್ಳುವ ವಿಚಾರ. ಕೊಂಬು ಯಾರದ್ದೆಂದು ಮೊದಲು ಕೇಳಿ. ದೇವಸ್ಥಾನದ ವಾದ್ಯವಾದರೆ, ಕೈಯಲ್ಲಿ ಹಿಡಿದು ತಂದವರಿಗೆ ಅದನ್ನು ಮಾರುವ ಹಕ್ಕು ಇರಲಾರದು. ಎಷ್ಟೇ ಅಗ್ಗವಿದ್ದರೂ ಬಿಟ್ಟುಬಿಡಿ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಲೈಸೆನ್ಸ್ ಇಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ, ಖಾಸಗಿಯವರು ದೇಶದಿಂದಾಚೆ ಒಯ್ಯುವಂತಿಲ್ಲ. ಅಮೆರಿಕದ ಮಗಳ ಮನೆಯ ಗೋಡೆಗೆಂದು ಹುಡುಕುತ್ತಿರುವವರು ಇದನ್ನು ಗಮನಿಸಬೇಕು.

ಕೈಗೆ ಬಂದ ಮೇಲೆ ಹೊಳಪು ನೋಡಬೇಡಿ, ಬೆಸುಗೆ ನೋಡಿ. ತಗಡು ಸುತ್ತಿ ಮಾಡಿದ ಕೊಂಬಿನಲ್ಲಿ ಉದ್ದಕ್ಕೂ ಒಂದು ಬೆಸುಗೆಯ ಗೆರೆ ಓಡುತ್ತದೆ. ತುಂಡುಗಳು ಸೇರುವ ಕಡೆ ಬಳೆಯಂಥ ಕಟ್ಟು ಇರುತ್ತದೆ. ಸೋರುವುದು ಹೆಚ್ಚಾಗಿ ಅಲ್ಲೇ. ಅಗಲದ ಬಾಯಿಯನ್ನು ಮುಚ್ಚಿ, ಕಟ್ಟುಗಳನ್ನು ನೀರಲ್ಲಿ ಮುಳುಗಿಸಿ ಮೆಲ್ಲಗೆ ಊದಿದರೆ, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದ ಹಾಗೆ ಗುಳ್ಳೆ ಎದ್ದ ಜಾಗ ಸಿಗುತ್ತದೆ. ಮೈಮೇಲೆ ತಾಮ್ರದ ಕೆಂಪು ಮಚ್ಚೆಗಳಿದ್ದರೆ ಅಲ್ಲಿ ಸತು ಕಳೆದುಹೋಗಿ ಲೋಹ ಟೊಳ್ಳಾಗಿರಬಹುದು, ಉಜ್ಜಿದಷ್ಟೂ ಕೆಡುತ್ತದೆ.

ಹುಣಸೆಹಣ್ಣು ಪಾತ್ರೆಗಿರಲಿ. ಹುಳಿಯಲ್ಲಿ ನೆನೆಸಿದ ಕೊಂಬು ಹೊಳೆಯುತ್ತದೆ ನಿಜ, ಆದರೆ ಕಾಲ ಕಟ್ಟಿದ ಕಂದು ಪದರ ಹೋಗಿ ಬರಿಮೈ ಮತ್ತೆ ಕಿಲುಬು ಹಿಡಿಯುತ್ತದೆ. ಬಫಿಂಗ್ ಯಂತ್ರ ಇನ್ನೂ ಕೆಟ್ಟದ್ದು: ತೆಳು ತಗಡನ್ನು ಇನ್ನಷ್ಟು ತೆಳುಮಾಡಿ, ಕುಶಲಕರ್ಮಿಯ ಸುತ್ತಿಗೆಯ ಗುರುತನ್ನೇ ಅಳಿಸಿಹಾಕುತ್ತದೆ. ಬೆಚ್ಚಗಿನ ನೀರು, ಸ್ವಲ್ಪ ಸೌಮ್ಯ ಸೋಪು, ದಾರಕ್ಕೆ ಕಟ್ಟಿ ಒಳಗೆ ಎಳೆಯುವ ಮೆತ್ತನೆ ಬಟ್ಟೆ ಸಾಕು. ಒಣಗಿಸುವುದನ್ನು ಮರೆಯಬಾರದು.

ಅಮೋನಿಯಾ ಇರುವ ಪಾಲಿಶ್‌ನಿಂದ ದೂರವಿರಲು ಒಂದು ಹಳೆಯ ಕಾರಣವಿದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯ ಹಿತ್ತಾಳೆ ಕಾಡತೂಸುಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆಲಾಯದ ಮೂತ್ರದಿಂದ ಏಳುವ ಅಮೋನಿಯಾ, ತಣ್ಣಗಿರುವಾಗಲೇ ರೂಪಿಸಿದ ಹಿತ್ತಾಳೆಯೊಳಗೆ ಉಳಿದ ಬಿಗಿತದ ಜೊತೆ ಸೇರಿ ಹಾಗೆ ಮಾಡುತ್ತಿತ್ತೆಂದು ಆಮೇಲೆ ತಿಳಿಯಿತು. ನಮ್ಮ ಹಳ್ಳಿಗಳಲ್ಲಿ ಕೊಂಬು ದನದ ಕೊಟ್ಟಿಗೆಯ ಅಟ್ಟದಲ್ಲಿದ್ದರೆ ಅದಕ್ಕೂ ಇದೇ ಗತಿ ಬರಬಹುದು. ಕೂದಲೆಳೆಯಂಥ ಬಿರುಕಿಗಾಗಿ ಬಾಯಂಚನ್ನು ಬೆಳಕಿಗೆ ಹಿಡಿದು ನೋಡಿ.

ಬಿರುಕು, ಬಿಟ್ಟ ಬೆಸುಗೆಗೆ ಪಾತ್ರೆ ಕೆಲಸದ ನುರಿತವರು ಬೇಕು. ಲೋಹದ ಕೆಲಸಕ್ಕೆ ಹೆಸರಾದ ನಾಗಮಂಗಲ ಇಲ್ಲಿಂದ ದೂರವೇನಲ್ಲ. ಕಡಿಮೆ ಶಾಖದ ಬೆಸುಗೆಯಲ್ಲಿ ಮುಗಿಯುವುದಾದರೆ ಅಷ್ಟೇ ಸಾಕೆಂದು ಹೇಳಿ; ಕೆಂಪಗೆ ಕಾಸಿದರೆ ತಗಡು ಮೆತ್ತಗಾಗುತ್ತದೆ. ನೆಗ್ಗಿದ ಜಾಗಗಳನ್ನೆಲ್ಲ ಎಬ್ಬಿಸಬೇಕಿಲ್ಲ. ಕೊಳವೆ ಕಿರಿದಾಗದಿದ್ದರೆ ಅವು ಇದ್ದುಕೊಳ್ಳಲಿ. ಊದುವ ತುದಿ ಸವೆದಿದ್ದರೆ ಹೊಸದು ಮಾಡಿಸಿ, ಹಳೆಯದನ್ನು ಕತ್ತರಿಸದೆ ಜೊತೆಗೇ ಇಡಿ.

ರಿಪೇರಿ ಮುಗಿಯಿತೋ ಇಲ್ಲವೋ ಎಂದು ತೀರ್ಮಾನಿಸುವವರು ಬೆಸುಗೆಯವರೂ ಅಲ್ಲ, ನೀವೂ ಅಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಹಬ್ಬಕ್ಕೆ ಊದುವ ಹಿರಿಯರೊಬ್ಬರನ್ನು ಕಂಡು, ಅವರ ಸಂಭಾವನೆ ಕೊಟ್ಟು, ಕೊಂಬನ್ನು ಅವರ ಕೈಗಿಡಿ. ಮೇಲಿನ ಷಡ್ಜ ತಡವರಿಸಿದರೆ ಎಲ್ಲಿ ಗಾಳಿ ಹೋಗುತ್ತಿದೆ ಎಂದು ಅವರ ತುಟಿಗೇ ಗೊತ್ತಾಗುತ್ತದೆ.