ಗಾಳಿ ಒಪ್ಪಿದರೆ ಮಾತ್ರ

ಸಂಕ್ರಾಂತಿಯ ಆಸುಪಾಸಿನಲ್ಲಿ ಪೊಳ್ಳಾಚಿಗೆ ಬಲೂನು ಹಬ್ಬ ನೋಡಲು ಹೊರಟವರಿಗೆ ನನ್ನದೊಂದೇ ಕಿವಿಮಾತು: ಆನೆ ಆಕಾರದ ದೊಡ್ಡ ಬಲೂನಿಗಾಗಿ ಕಾಯಬೇಡಿ. ಅದಕ್ಕೂ ಮೊದಲು, ಮುಖ ಸರಿಯಾಗಿ ಕಾಣದ ನಸುಕಿನಲ್ಲಿ, ಪೈಲಟ್ ಒಂದು ಪುಟ್ಟ ಹೀಲಿಯಂ ಬಲೂನನ್ನು ಮೇಲಕ್ಕೆ ಬಿಡುತ್ತಾನೆ. ನೋಡಬೇಕಾದದ್ದು ಅದನ್ನು. ಅದು ಎಷ್ಟು ಎತ್ತರದಲ್ಲಿ ಯಾವ ಕಡೆಗೆ ವಾಲಿತು, ಎಷ್ಟು ಬೇಗ ಕಣ್ಮರೆಯಾಯಿತು ಎಂಬುದರ ಮೇಲೆಯೇ ಅಂದಿನ ಹಾರಾಟ ನಿಂತಿದೆ.

2015ರಿಂದ ಈ ಹಬ್ಬ ನಡೆಯುತ್ತಿರುವ ಪೊಳ್ಳಾಚಿ ಇರುವುದು ಪಾಲಕ್ಕಾಡ್ ಕಣಿವೆಯ ಬಾಯಲ್ಲಿ. ಉತ್ತರಕ್ಕೆ ನೀಲಗಿರಿ, ದಕ್ಷಿಣಕ್ಕೆ ಆನೈಮಲೈ, ನಡುವೆ ಸುಮಾರು 30-40 ಕಿ.ಮೀ. ಅಗಲದ ಬಯಲು ದಾರಿ. ಪಶ್ಚಿಮಘಟ್ಟದ ಗೋಡೆಯಲ್ಲಿ ಗಾಳಿಗೆ ಸಿಕ್ಕ ಬಾಗಿಲದು. ಮುಂಗಾರಿನಲ್ಲಿ ಇಲ್ಲಿಂದ ನುಗ್ಗುವ ಗಾಳಿಗೇ ಉಡುಮಲೈ, ಪಲ್ಲಡಂ ಕಡೆಯ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವುದು. ಆಗ ಬಲೂನಿನ ಮಾತೇ ಬೇಡ. (ಮನೆಯಲ್ಲಿ ಕನ್ನಡ ಆಡುವ ಒಕ್ಕಲಿಗ, ದೇವಾಂಗ ಕುಟುಂಬಗಳು ಈ ಸೀಮೆಯಲ್ಲಿ ತಲೆಮಾರುಗಳಿಂದ ಇವೆ, ಆ ಗಾಳಿಯ ಆರ್ಭಟವನ್ನು ಅವರ ಬಾಯಲ್ಲೇ ಕೇಳಬೇಕು.) ಜನವರಿಯಲ್ಲಿ ಗಾಳಿ ದಿಕ್ಕು ಬದಲಿಸಿ, ಒಣ ಮೂಡಣ ಗಾಳಿಯಾಗಿ ಕೇರಳದತ್ತ ಹೊರಡುತ್ತದೆ.

ಮೋಸವಿರುವುದು ಇಲ್ಲೇ. ರಾತ್ರಿಯೆಲ್ಲ ನೆಲ ತಣಿದು, ಅದಕ್ಕೆ ತಾಗಿದ ಗಾಳಿ ಅಲುಗದೆ ಮಲಗಿರುತ್ತದೆ. ತೆಂಗಿನ ಗರಿ ಕೂಡ ಮಿಸುಕುವುದಿಲ್ಲ. ಆದರೆ ಕೆಲವು ನೂರು ಅಡಿ ಮೇಲೆ ಗಾಳಿ ಓಡುತ್ತಿರಬಹುದು. ಬಲೂನಿಗೆ ಚುಕ್ಕಾಣಿಯಿಲ್ಲ, ಏರುವುದು ಇಳಿಯುವುದು ಮಾತ್ರ ಪೈಲಟ್ ಕೈಯಲ್ಲಿ. ಹಾಗಾಗಿ 2025ರ ಜನವರಿಯಲ್ಲಿ ಇಲ್ಲಿಂದ ಹೊರಟ ಬಲೂನೊಂದು ಗಡಿ ದಾಟಿ ಪಾಲಕ್ಕಾಡ್ ಜಿಲ್ಲೆಯ ಗದ್ದೆಯಲ್ಲಿ ಇಳಿದು ಸುದ್ದಿಯಾದಾಗ ನನಗೆ ಆಶ್ಚರ್ಯವಾಗಲಿಲ್ಲ. ಮೂಡಣ ಗಾಳಿ ಮತ್ತೆಲ್ಲಿಗೆ ಒಯ್ದೀತು? ಬಿಸಿಲೇರಿದರೆ ಇನ್ನೊಂದು ಕಾಟ: ಕಾದ ನೆಲದಿಂದ ಗಾಳಿ ಗುಳ್ಳೆಗಳಾಗಿ ಏಳತೊಡಗುತ್ತದೆ. ಅಷ್ಟರೊಳಗೆ ಇಳಿದಿರಬೇಕು. ಮುಂಜಾನೆಯ ಚಳಿ ಮಾತ್ರ ಬಲೂನಿನ ಪರ. ಹೊರಗೆ ತಂಪಿದ್ದಷ್ಟೂ ಒಳಗಿನ ಬಿಸಿಗಾಳಿ ಸಲೀಸಾಗಿ ಎತ್ತುತ್ತದೆ.

ರಾಕೆಟ್‌ನವರೂ ಬಲೂನನ್ನೇ ನಂಬುತ್ತಾರೆ ಎಂದರೆ ಕೆಲವರು ನಗುತ್ತಾರೆ. ಶ್ರೀಹರಿಕೋಟಾದಲ್ಲಿ ಉಡಾವಣೆಗೆ ಮುನ್ನ ಉಪಕರಣ ಕಟ್ಟಿದ ಬಲೂನು ಹಾರಿಸಿ ಮೇಲ್ಗಾಳಿ ಅಳೆಯುತ್ತಾರೆ. ಅಡ್ಡಗಾಳಿಯ ಹೊಡೆತ ತಗ್ಗುವಂತೆ ರಾಕೆಟ್ ಬಾಗುವ ರೀತಿಯನ್ನು ಹೊಂದಿಸುತ್ತಾರೆ. ಮಳೆಗಿಂತ ಅವರಿಗೆ ಭಯ ಸಿಡಿಲಿನದು. 1969ರ ನವೆಂಬರಿನಲ್ಲಿ ಮೋಡದೊಳಗೆ ನುಗ್ಗಿದ ಅಪೊಲೊ 12ಕ್ಕೆ ಮೊದಲ ನಿಮಿಷದಲ್ಲೇ ಎರಡು ಸಲ ಸಿಡಿಲು ತಾಗಿತು. ಅದನ್ನು ಕರೆದದ್ದು ಸ್ವತಃ ರಾಕೆಟ್ಟೇ. 2023ರ ಅಕ್ಟೋಬರ್ 21ರಂದು ಗಗನಯಾನದ ಮೊದಲ ಪರೀಕ್ಷಾ ವಾಹನ 8 ಗಂಟೆಗೆ ಹಾರಬೇಕಿತ್ತು. ಹವಾಮಾನ ಮೊದಲು ತಡೆಯಿತು, ಆಮೇಲೆ ಕಂಪ್ಯೂಟರ್. ಹಾರಿದ್ದು 10ಕ್ಕೆ.

ಪೊಳ್ಳಾಚಿಯಲ್ಲಿ ಅಂಥ ತಡವಾದರೆ ಜನ ಗೊಣಗುತ್ತಾರೆ. ಬೇಡ ಎಂದು ಬರ್ನರ್ ಆರಿಸುವ ಪೈಲಟ್‌ಗೆ ನನ್ನ ಮೊದಲ ಚಪ್ಪಾಳೆ. ಸಂಜೆ ಹಗ್ಗಕ್ಕೆ ಕಟ್ಟಿದ ಬಲೂನುಗಳು ಹಾಡಿಗೆ ತಕ್ಕಂತೆ ಮಿನುಗುವ ಆಟಕ್ಕೆ ಜನ ಕಿಕ್ಕಿರಿಯುತ್ತಾರೆ. ಮಕ್ಕಳಿಗೆ ಖುಷಿ, ಕರೆದೊಯ್ಯಿರಿ; ನಾನಂತೂ ಬೇಗ ಮಲಗುತ್ತೇನೆ, ನಾಲ್ಕಕ್ಕೆ ಏಳಬೇಕಲ್ಲ.