ಒಂದು ದಿನದ ತರಬೇತಿ, ಒಂದು ನಿಮಿಷದ ಪರೀಕ್ಷೆ

ಹೆರಿಗೆಯಾಗಿದೆ, ಮಗು ಅಳುತ್ತಿಲ್ಲ. ಆ ಹೊತ್ತಿನಲ್ಲಿ ಮಗುವಿನ ಪಕ್ಕದಲ್ಲಿ ನಿಂತಿರುವುದು ಹೆಚ್ಚಿನ ಸಲ ಡಾಕ್ಟರಲ್ಲ, ನರ್ಸ್. ತಾಲ್ಲೂಕು ಆಸ್ಪತ್ರೆಯ ರಾತ್ರಿಪಾಳಿಯಲ್ಲಾಗಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾಗಲಿ ಇದೇ ವಾಸ್ತವ. ಆದರೂ ಬಹುಕಾಲ ನರ್ಸ್‌ಗೆ ಹೇಳಿಕೊಟ್ಟದ್ದು ಡಾಕ್ಟರನ್ನು ಕರೆಸುವುದನ್ನು. ಅವರು ಬರುವವರೆಗೆ ಮಗುವನ್ನು ತಲೆಕೆಳಗೆ ಹಿಡಿದು ಬೆನ್ನು ತಟ್ಟುವುದು, ಬಾಯಿಗೆ ನಳಿಕೆ ಹಾಕಿ ಮತ್ತೆ ಮತ್ತೆ ಎಳೆಯುವುದು ರೂಢಿಯಿಂದ ಬಂದದ್ದು. 2010ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹಲವು ಸಂಸ್ಥೆಗಳ ಜೊತೆಗೂಡಿ ಹೊರತಂದ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ತರಬೇತಿ ಈ ರೂಢಿಯನ್ನು ಮುರಿಯಲು ಹೊರಟಿತು. ಸೌಕರ್ಯ ಕಡಿಮೆಯಿರುವ ಹೆರಿಗೆ ಕೊಠಡಿಗಳನ್ನೇ ಕಣ್ಣಮುಂದಿಟ್ಟುಕೊಂಡು ರೂಪಿಸಿದ ಕೋರ್ಸ್ ಅದು. ಪಾಠವಾಗಿ ಅದಕ್ಕೆ ನಾನು ಹೆಚ್ಚುಕಡಿಮೆ ಪೂರ್ಣ ಅಂಕ ಕೊಡುತ್ತೇನೆ. ನನ್ನ ಮುಖ್ಯ ತಕರಾರಿರುವುದು ಅದನ್ನು ನಡೆಸಿಕೊಂಡು ಬಂದ ರೀತಿಯ ಬಗ್ಗೆ.

ಮೊದಲು ಪಾಠದ ಮಾತು. ನೂರು ಶಿಶುಗಳು ಹುಟ್ಟಿದರೆ ಸುಮಾರು ಹತ್ತಕ್ಕೆ ಉಸಿರಾಟ ಶುರುಮಾಡಲು ಏನಾದರೊಂದು ನೆರವು ಬೇಕಾಗುತ್ತದೆ. ಅವುಗಳಲ್ಲಿ ಹಲವು ಮೈ ಒರೆಸಿ, ಬೆಚ್ಚಗಿಟ್ಟು, ಬೆನ್ನು ಉಜ್ಜಿದರೆ ಸಾಕು, ಅಳುತ್ತವೆ. ಮೂರರಿಂದ ಆರು ಶಿಶುಗಳಿಗೆ ಬ್ಯಾಗ್ ಮತ್ತು ಮಾಸ್ಕ್ ಹಿಡಿದು ಉಸಿರು ಕೊಡಬೇಕು. ಶ್ವಾಸನಾಳಕ್ಕೆ ಟ್ಯೂಬು, ಎದೆ ಒತ್ತುವುದು, ಔಷಧ ಇವು ಬೇಕಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ ಶಿಶುಗಳಿಗೆ. ಕೋರ್ಸ್ ರೂಪಿಸಿದವರು ಈ ಲೆಕ್ಕವನ್ನು ಗಂಭೀರವಾಗಿ ತೆಗೆದುಕೊಂಡರು. ಟ್ಯೂಬು, ಔಷಧ, ಎದೆ ಒತ್ತುವುದು ಎಲ್ಲವನ್ನೂ ಪಾಠದಿಂದ ತೆಗೆದುಹಾಕಿದರು. ಆಮ್ಲಜನಕದ ಸಿಲಿಂಡರ್ ಇಲ್ಲದಿದ್ದರೂ ಕೊಠಡಿಯ ಗಾಳಿಯಿಂದಲೇ ಕೆಲಸ ಶುರುಮಾಡಿ ಎಂದರು. ಉಳಿದದ್ದು ಒಂದು ಗೋಡೆಚಿತ್ರದಲ್ಲಿ ಹಿಡಿಸುವಷ್ಟು: ಮಗು ಅಳುತ್ತಿದೆಯೇ, ಇಲ್ಲದಿದ್ದರೆ ಇದು, ಆಗಲೂ ಇಲ್ಲದಿದ್ದರೆ ಇದು. ವೈದ್ಯಕೀಯ ಪಠ್ಯ ಬರೆಯುವವರಿಗೆ ಸೇರಿಸುವುದು ಸುಲಭ, ಬಿಡುವುದು ಬಹಳ ಕಷ್ಟ. ಇಲ್ಲಿ ಬಿಟ್ಟವರ ಧೈರ್ಯವೇ ಈ ಕೋರ್ಸಿನ ದೊಡ್ಡ ಗುಣ.

ಹೀಗೆ ಬಿಟ್ಟದ್ದರ ಹಿಂದೆ ಗಟ್ಟಿಯಾದ ಕಾರಣವೂ ಇದೆ. ನಮ್ಮ ಆಸ್ಪತ್ರೆಗಳಲ್ಲಿ ನರ್ಸ್‌ಗಳಿಗೆ ಹೆಚ್ಚು ಪರಿಚಿತವಾದದ್ದು ದೊಡ್ಡವರ ಬಿಎಲ್‌ಎಸ್ (ಬೇಸಿಕ್ ಲೈಫ್ ಸಪೋರ್ಟ್): ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತು, ಬೇಗ ಶಾಕ್ ಕೊಡು. ದೊಡ್ಡವರಲ್ಲಿ ಹಲವು ಸಲ ಮೊದಲು ಕೈಕೊಡುವುದು ಹೃದಯ. ನವಜಾತ ಶಿಶುವಿನ ಹೃದಯ ಬಹುತೇಕ ಚೆನ್ನಾಗಿಯೇ ಇರುತ್ತದೆ. ದ್ರವ ತುಂಬಿದ ಶ್ವಾಸಕೋಶ ಇನ್ನೂ ಬಿಚ್ಚಿಕೊಂಡಿಲ್ಲವಾದ್ದರಿಂದ ಆಮ್ಲಜನಕವಿಲ್ಲದೆ ಬಡಿತ ನಿಧಾನವಾಗುತ್ತದೆ. ಶ್ವಾಸಕೋಶ ಬಿಚ್ಚಿಕೊಂಡರೆ ಬಡಿತ ತಾನಾಗಿ ಏರುತ್ತದೆ. ದೊಡ್ಡವರ ಪಾಠ ಕಲಿತ ಕೈ ಗಾಬರಿಯಲ್ಲಿ ಶಿಶುವಿನ ಎದೆಗೇ ಹೋದರೆ ಉಸಿರಿಗೆ ಸಲ್ಲಬೇಕಾದ ಸಮಯ ಪೋಲಾಗುತ್ತದೆ. ಇನ್ನೊಂದು ಹಳೆಯ ತೊಡಕು ಆಪ್ಗರ್ ಅಂಕಗಳದ್ದು. ವರ್ಜೀನಿಯಾ ಆಪ್ಗರ್ 1953ರಲ್ಲಿ ಪ್ರಕಟಿಸಿದ ಆ ಅಂಕಪಟ್ಟಿ ಒಂದು ನಿಮಿಷಕ್ಕೆ ಮಗುವಿನ ಸ್ಥಿತಿಯನ್ನು ದಾಖಲಿಸುವುದಕ್ಕೆ. ಅಂಕ ಹಾಕಿ ಆಮೇಲೆ ಕೆಲಸ ಶುರುಮಾಡುವ ಅಭ್ಯಾಸ ಎಷ್ಟೋ ಕಡೆ ಬೆಳೆದುಬಿಟ್ಟಿತ್ತು. ಮೊದಲ ನಿಮಿಷ ಮುಗಿಯುವುದರೊಳಗೆ ಮಗು ತಾನೇ ಉಸಿರಾಡುತ್ತಿರಬೇಕು, ಇಲ್ಲವೇ ಮಾಸ್ಕಿನಿಂದ ಉಸಿರು ಹೋಗುತ್ತಿರಬೇಕು ಎಂದು ‘ಸುವರ್ಣ ನಿಮಿಷ’ದ ಗಡಿ ಹಾಕಿ ಕೋರ್ಸ್ ಆ ಗೊಂದಲಕ್ಕೆ ತೆರೆ ಎಳೆಯಿತು.

ಆದರೆ ಆ ಒಂದು ನಿಮಿಷದೊಳಗೆ ಮಾಡಬೇಕಾದ ಕೆಲಸ ಕೈಯದ್ದು. ನಿಯೋನಟಾಲಿ ಎಂಬ, ನೀರು ತುಂಬಿದ ಬೊಂಬೆಯ ಮೇಲೆ ನರ್ಸ್‌ಗಳು ಇಬ್ಬಿಬ್ಬರಾಗಿ ಅಭ್ಯಾಸ ಮಾಡುವುದನ್ನು ಹತ್ತಿರದಿಂದ ನೋಡಬೇಕು. ಹೆಬ್ಬೆರಳು, ತೋರುಬೆರಳು ಮಾಸ್ಕಿನ ಮೇಲೆ. ಉಳಿದ ಬೆರಳುಗಳು ದವಡೆಯ ಮೂಳೆಯ ಕೆಳಗೆ. ಮಾಸ್ಕನ್ನು ಮುಖಕ್ಕೆ ಅದುಮಿದರೆ ಆಗದು, ದವಡೆಯನ್ನು ಮಾಸ್ಕಿಗೆ ಎತ್ತಿ ತರಬೇಕು. ಕುತ್ತಿಗೆ ತುಸು ಹೆಚ್ಚು ಹಿಂದೆ ಬಾಗಿದರೂ ಗಾಳಿದಾರಿ ಮುಚ್ಚುತ್ತದೆ, ಮುಂದೆ ಬಾಗಿದರೂ ಮುಚ್ಚುತ್ತದೆ. ಬ್ಯಾಗ್ ಒತ್ತಿದಾಗ ಕೆನ್ನೆಯ ಅಂಚಿನಿಂದ ‘ಪುಸ್’ ಎಂದು ಗಾಳಿ ಸೋರುತ್ತದೆ, ಬೊಂಬೆಯ ಎದೆ ಏಳುವುದಿಲ್ಲ. ಮಾಸ್ಕನ್ನು ಮತ್ತೆ ಕೂರಿಸು, ತಲೆ ಸರಿಪಡಿಸು, ಬಾಯಿ ನೋಡು, ತುಸು ತೆರೆ, ಇನ್ನಷ್ಟು ಜೋರಾಗಿ ಒತ್ತು. ಎದೆ ಎದ್ದಿತೆಂದರೆ ಮುಖದಲ್ಲಿ ನಗು. ಆಮೇಲೆ ನಿಮಿಷಕ್ಕೆ ನಲವತ್ತರ ಲಯ. ಸೈಕಲ್ ತುಳಿಯುವುದನ್ನು ಒಮ್ಮೆ ಕಲಿತರೆ ಮರೆಯುವುದಿಲ್ಲ; ಮಾಸ್ಕ್ ಹಿಡಿಯುವ ಕೈ ಮಾತ್ರ ತಿಂಗಳೊಪ್ಪತ್ತಿನಲ್ಲಿ ಮರೆಯತೊಡಗುತ್ತದೆ. ವಾರಕ್ಕೆ ಒಂದೆರಡು ಹೆರಿಗೆಯಾಗುವ ಕೇಂದ್ರದಲ್ಲಿ ಬ್ಯಾಗ್ ಹಿಡಿಯುವ ಸಂದರ್ಭ ವರ್ಷಕ್ಕೆ ನಾಲ್ಕೈದು ಸಲ ಬಂದರೆ ಹೆಚ್ಚು.

ಈ ತರಬೇತಿಯನ್ನು ಮೊದಲು ಒರೆಗೆ ಹಚ್ಚಿದ ಜಾಗಗಳಲ್ಲಿ ನಮ್ಮ ಬೆಳಗಾವಿಯೂ ಒಂದು ಎಂಬುದು ಕನ್ನಡಿಗರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ತಂಡ ಗ್ರಾಮೀಣ ಆರೋಗ್ಯ ಕೇಂದ್ರಗಳಿಂದ ಹಿಡಿದು ನಗರದ ಆಸ್ಪತ್ರೆಗಳವರೆಗೆ ಸುಮಾರು 600 ಹೆರಿಗೆ ಸಿಬ್ಬಂದಿಗೆ ಈ ಪಾಠ ಹೇಳಿಕೊಟ್ಟು, ಮೊದಲಿನ ಮತ್ತು ಆಮೇಲಿನ ಹೆರಿಗೆಗಳನ್ನು ಹೋಲಿಸಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹುಟ್ಟುವಾಗಲೇ ಸತ್ತವೆಂದು ದಾಖಲಾದ ಶಿಶುಗಳ ಪ್ರಮಾಣ ಶೇ. 3.0ರಿಂದ ಶೇ. 2.3ಕ್ಕೆ ಇಳಿದಿತ್ತು. ಅದರಲ್ಲೂ ಹೆರಿಗೆಯ ಹೊತ್ತಿಗೆ ಪ್ರಾಣ ಹೋದವು ಎನ್ನಲಾಗುವ ಶಿಶುಗಳ ಪ್ರಮಾಣ ಶೇ. 1.7ರಿಂದ ಶೇ. 0.9ಕ್ಕೆ ಬಂದಿತ್ತು. ಇದರ ಅರ್ಥ ಎದೆ ನಡುಗಿಸುವಂಥದ್ದು. ‘ಸತ್ತು ಹುಟ್ಟಿತು’ ಎಂದು ಬಟ್ಟೆ ಸುತ್ತಿ ಪಕ್ಕಕ್ಕಿಟ್ಟ ಕೆಲವು ಶಿಶುಗಳಲ್ಲಿ ಹೃದಯ ಇನ್ನೂ ಬಡಿಯುತ್ತಿತ್ತು. ಉಸಿರಿಲ್ಲ, ಮೈ ಜೋತುಬಿದ್ದಿದೆ, ಬಣ್ಣ ಬಿಳಿಚಿದೆ. ಹೊಕ್ಕುಳಬಳ್ಳಿಯ ಬುಡ ಮುಟ್ಟಿ ನೋಡಲು ಕಲಿತ ನರ್ಸ್‌ಗೆ ಆ ಬಡಿತ ಸಿಕ್ಕಿತು.

ಅದೇ ಅಧ್ಯಯನದಲ್ಲಿ ಹುಟ್ಟಿದ ಮೇಲಿನ ಶಿಶುಮರಣ ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಬದುಕಿಸಿ ತಂದ ಶಿಶುಗಳಲ್ಲಿ ತೀರಾ ಬಳಲಿದ್ದ ಕೆಲವು ಆಮೇಲೆ ತೀರಿಕೊಂಡಿರಬಹುದು. ಹಾಗಿದ್ದರೆ ಆ ಸಾವುಗಳು ಒಂದು ಲೆಕ್ಕದಿಂದ ಇನ್ನೊಂದಕ್ಕೆ ಬಂದವು. ಬೆಳಗಾವಿ, ನಾಗಪುರ ಮತ್ತು ಕೀನ್ಯಾದ ಎಲ್ಡೊರೆಟ್ ಸೇರಿ ನಡೆದ ಮುಂದಿನ ದೊಡ್ಡ ಅಧ್ಯಯನದಲ್ಲಿ ಸಾವಿನ ಇಳಿಕೆ ಎಲ್ಲ ಕಡೆ ಒಂದೇ ರೀತಿ ಕಾಣಲಿಲ್ಲ. ಕಲಿತವರ ತಿಳಿವಳಿಕೆಗಿಂತ ಕೈಚಳಕ ಬೇಗ ಕುಗ್ಗಿತು, ಮರುತರಬೇತಿ ಕೊಟ್ಟಾಗ ಮರಳಿ ಬಂತು. ಒಂದು ಸಲದ ಪಾಠಕ್ಕೆ ಎಷ್ಟು ಆಯಸ್ಸು ಎಂಬುದು ಆಗಲೇ ಗೊತ್ತಾಗಬೇಕಿತ್ತು.

ಟಾಂಜಾನಿಯಾದ ಹಳ್ಳಿಗಾಡಿನ ಹೈಡಮ್ ಲೂಥೆರನ್ ಆಸ್ಪತ್ರೆಯ ಅನುಭವ ಇನ್ನೂ ಖಚಿತ. ಅಲ್ಲಿ 2010ರಲ್ಲಿ ಒಂದು ದಿನದ ಕೋರ್ಸ್ ನಡೆಯಿತು. ಏಳು ತಿಂಗಳ ಮೇಲೂ ಸಿಬ್ಬಂದಿ ಬೊಂಬೆಯ ಮೇಲೆ ಚೆನ್ನಾಗಿ ಮಾಡಿ ತೋರಿಸಿದರು. ಹೆರಿಗೆ ಕೊಠಡಿಯಲ್ಲಿ ನಿಜವಾದ ಶಿಶುಗಳ ಜೊತೆ ಅವರು ಮಾಡುತ್ತಿದ್ದದ್ದು ಮಾತ್ರ ಬದಲಾಗಿರಲಿಲ್ಲ. ಈ ಸೋಲನ್ನು ಆ ಆಸ್ಪತ್ರೆಯವರೇ ಅಳೆದು ಬರೆದು ಪ್ರಕಟಿಸಿದರು ಎಂಬುದಕ್ಕೆ ನಾನು ಕೈಮುಗಿಯುತ್ತೇನೆ. ಆಮೇಲೆ ಅವರು ದೊಡ್ಡ ಕೋರ್ಸಿಗೆ ಕಾಯಲಿಲ್ಲ. ಅಲ್ಲಿನವರೇ ಆದ ತರಬೇತುದಾರರು ಬೊಂಬೆಯನ್ನು ಹೆರಿಗೆ ಕೊಠಡಿಗೆ ತಂದರು. ವಾರಕ್ಕೊಮ್ಮೆ ಮೂರರಿಂದ ಐದು ನಿಮಿಷದ ಅಭ್ಯಾಸ, ತಿಂಗಳಿಗೊಮ್ಮೆ ಸುಮಾರು ನಲವತ್ತು ನಿಮಿಷದ ಮರುಪಾಠ. ಹುಟ್ಟಿದ 24 ಗಂಟೆಯೊಳಗಿನ ಶಿಶುಮರಣ ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿಯಿತು. ಬೊಂಬೆ, ಬ್ಯಾಗ್, ನರ್ಸ್‌ಗಳು ಎಲ್ಲ ಅವೇ. ಬದಲಾದದ್ದು ಅಭ್ಯಾಸದ ಜಾಗ ಮತ್ತು ಅದರ ಸರದಿ.

ಕಾಠ್ಮಂಡುವಿನ ಪರೋಪಕಾರ ಹೆರಿಗೆ ಆಸ್ಪತ್ರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದಿನವೂ ಬ್ಯಾಗ್-ಮಾಸ್ಕ್ ಪರೀಕ್ಷೆ, ಪ್ರತಿ ಪುನಶ್ಚೇತನದ ನಂತರ ತಾವೇ ತುಂಬುವ ಪಟ್ಟಿ, ಜೊತೆಯವರ ವಿಮರ್ಶೆ, ವಾರದ ಸಭೆ. ಹೆರಿಗೆಯ ವೇಳೆ ಸತ್ತು ಹುಟ್ಟುವ ಶಿಶುಗಳು ಸಾವಿರಕ್ಕೆ 9.0ರಿಂದ 3.2ಕ್ಕೆ, ಮೊದಲ ದಿನದ ಸಾವುಗಳು 5.2ರಿಂದ 1.9ಕ್ಕೆ ಇಳಿದವು. ಇದು ಮೊದಲು-ಆಮೇಲೆ ಎಂಬ ಹೋಲಿಕೆ, ಪೂರ್ತಿ ಶ್ರೇಯಸ್ಸನ್ನು ತರಬೇತಿಯೊಂದಕ್ಕೇ ಕೊಡಲಾಗದು. ಆದರೂ ಹೈಡಮ್ ಮತ್ತು ಕಾಠ್ಮಂಡು ಒಂದೇ ದಿಕ್ಕಿಗೆ ಬೆರಳು ತೋರುತ್ತಿವೆ.

ನಮ್ಮಲ್ಲಿ 2009ರಿಂದಲೇ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮವಿದೆ. ಎರಡು ದಿನಗಳ ಆ ತರಬೇತಿಯ ಉದ್ದೇಶವೂ ಪಾಠವೂ ಒಳ್ಳೆಯವೇ. ಆದರೆ ಅದರ ಯಶಸ್ಸನ್ನು ನಾವು ಎಷ್ಟು ಜನಕ್ಕೆ ತರಬೇತಿ ಕೊಟ್ಟೆವು ಎಂಬ ತಲೆಲೆಕ್ಕದಲ್ಲಿ ಅಳೆಯುತ್ತೇವೆ. ಪ್ರೀ-ಟೆಸ್ಟ್, ಪೋಸ್ಟ್-ಟೆಸ್ಟ್, ಗ್ರೂಪ್ ಫೋಟೋ, ಸರ್ಟಿಫಿಕೇಟ್. ತರಬೇತಿ ಮುಗಿಸಿ ಬಂದ ಸಿಸ್ಟರ್‌ಗೆ ಮರುವಾರ ಹೊರರೋಗಿ ವಿಭಾಗಕ್ಕೆ ಡ್ಯೂಟಿ ಹಾಕುವುದನ್ನೂ, ತರಬೇತಿಯಿಲ್ಲದವರನ್ನು ಹೆರಿಗೆ ಕೊಠಡಿಗೆ ಕಳಿಸುವುದನ್ನೂ ಈ ಲೆಕ್ಕ ಹಿಡಿಯುವುದಿಲ್ಲ. ಬೊಂಬೆ ಹರಿದರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಕೊಡಬೇಕೆಂಬ ಹೆದರಿಕೆಯಿಂದ ಅದನ್ನು ಬೀರುವಿಗೆ ಸೇರಿಸಿ ಬೀಗ ಹಾಕುವ ಪದ್ಧತಿ ಎಷ್ಟೋ ಕಡೆ ಇದೆ. ಬಳಸಿ ಸವೆದ ಬೊಂಬೆಯೇ ಆ ಆಸ್ಪತ್ರೆಗೆ ಹೆಮ್ಮೆ ತರಬೇಕಾದದ್ದು, ಹೊಸದರಂತೆ ಹೊಳೆಯುವ ಬೊಂಬೆಯನ್ನು ಕಂಡರೆ ತಪಾಸಣಾಧಿಕಾರಿ ಪ್ರಶ್ನೆ ಕೇಳಬೇಕು.

‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಪಾಠದ ಒಳಗೂ ನನಗೊಂದು ಕೊರತೆ ಕಾಣುತ್ತದೆ. ಹೆರಿಗೆಗೆ ಮುಂಚೆಯೇ ಒಬ್ಬ ಸಹಾಯಕರನ್ನು ಗೊತ್ತುಮಾಡಿಕೊಳ್ಳಿ ಎಂದು ಅದು ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ. ಆದರೆ ಒಬ್ಬಳೇ ನರ್ಸ್ ಇರುವ ರಾತ್ರಿಯಲ್ಲಿ ತಾಯಿಗೆ ರಕ್ತಸ್ರಾವ ಶುರುವಾಗಿದೆ, ಅದೇ ನಿಮಿಷದಲ್ಲಿ ಮಗು ಉಸಿರಾಡುತ್ತಿಲ್ಲ. ಆಯಾ, ಆಶಾ ಕಾರ್ಯಕರ್ತೆ ಅಥವಾ ಆಂಬ್ಯುಲೆನ್ಸಿನ ಸಿಬ್ಬಂದಿ ಅಲ್ಲಿದ್ದರೆ ಅವರ ಕೈಗೆ ಯಾವ ಕೆಲಸ ಕೊಡಬೇಕು? ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಉಜ್ಜುವುದನ್ನು ಯಾರಿಗೆ ಹೇಳಿಕೊಟ್ಟಿದ್ದೇವೆ? ಈ ಜೋಡಿ ಸಂಕಟದ ಅಭ್ಯಾಸವನ್ನು ಆಯಾ ಒಳಗೊಂಡಂತೆ ಇಡೀ ಪಾಳಿಗೆ, ಆ ಕೊಠಡಿಯಲ್ಲೇ, ಅಲ್ಲಿನ ಮೇಜು ಮತ್ತು ವಾರ್ಮರ್ ಇಟ್ಟುಕೊಂಡೇ ಮಾಡಿಸಬೇಕು. ಜಿಲ್ಲಾ ಕೇಂದ್ರದ ಹವಾನಿಯಂತ್ರಿತ ಸಭಾಂಗಣದಲ್ಲಿ ಅದನ್ನು ಕಲಿಸಲಾಗದು.

ಇನ್ನು ಮಗು ಉಳಿಯದಿದ್ದಾಗ ಆಗುವುದು. ಹತ್ತು ನಿಮಿಷ ಸರಿಯಾಗಿ ಉಸಿರು ಕೊಟ್ಟರೂ ಹೃದಯಬಡಿತ ಸಿಗದಿದ್ದರೆ ನಿಲ್ಲಿಸಬೇಕು ಎಂದು 2012ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ನಿಲ್ಲಿಸಿದ ನರ್ಸ್‌ನ ಎದುರು ಬಾಗಿಲಾಚೆ ಇಡೀ ಕುಟುಂಬ ನಿಂತಿರುತ್ತದೆ, ಒಳಗೆ ವಿವರಣೆ ಕೇಳುವ ಮೇಲಧಿಕಾರಿ. ಏನಾಯಿತು, ಮಾಸ್ಕ್ ಯಾವಾಗ ಕೂತಿತು, ಎದೆ ಎದ್ದಿತೇ ಎಂದು ದೂಷಣೆಯಿಲ್ಲದೆ ಕೂತು ಮಾತಾಡುವ ಹದಿನೈದು ನಿಮಿಷ ಆಕೆಗೆ ಸಿಗುವುದಿಲ್ಲ. ಆ ಮಾತು ನಡೆಯದ ಕಡೆ ಮುಂದಿನ ಸಲ ಬ್ಯಾಗ್ ಹಿಡಿಯಲು ಕೈ ಹಿಂಜರಿಯುತ್ತದೆ. ನೋಟಿಸಿನ ಭಯ ಇರುವಲ್ಲಿ ‘ಸತ್ತು ಹುಟ್ಟಿತು’ ಎಂದು ಬರೆದುಬಿಡುವುದು ಮತ್ತೆ ಸುಲಭವಾಗುತ್ತದೆ.

ಹೆರಿಗೆ ರಿಜಿಸ್ಟರಿನಲ್ಲಿ ಮಗುವಿನ ತೂಕಕ್ಕೆ ಕಾಲಂ ಇದೆ, ಹುಟ್ಟಿದ ವೇಳೆಗೆ ಇದೆ. ಅದರ ಪಕ್ಕ ಇನ್ನೆರಡು ಬೇಕು: ಮಗು ತಾನೇ ಉಸಿರಾಡಿದ ಅಥವಾ ಮಾಸ್ಕಿನಿಂದ ಮೊದಲ ಉಸಿರು ಹೋದ ವೇಳೆ, ಮತ್ತು ಆ ಪಾಳಿಯ ನರ್ಸ್ ಕೊನೆಯ ಸಲ ಬೊಂಬೆಯ ಮೇಲೆ ಮಾಸ್ಕ್ ಹಿಡಿದ ತಾರೀಕು. ಜಿಲ್ಲಾ ಮಟ್ಟದ ತಿಂಗಳ ಸಭೆಯಲ್ಲಿ ತರಬೇತಿ ಪಡೆದವರ ಒಟ್ಟು ಸಂಖ್ಯೆಗೆ ಮೊದಲು ಈ ಎರಡನ್ನು ಓದಿಸಬೇಕು.