ರೇಸಿಗೆ ಮುಂಚಿನ ರೇಸು: ಅರ್ಹತಾ ಸುತ್ತನ್ನು ನೋಡಿ ಸವಿಯುವ ಬಗೆ

ಕಾರು ರೇಸ್ ನೋಡಲು ಹೊರಟ ಹೊಸಬರಿಗೆ ನಾನು ಮೊದಲು ಹೇಳುವ ಮಾತು, ರೇಸಿನ ಹೊತ್ತಿಗೆ ಬಂದರೆ ಸಾಲದು, ಅದಕ್ಕೂ ಮುಂಚೆ ನಡೆಯುವ ಅರ್ಹತಾ ಸುತ್ತಿಗೇ ಬನ್ನಿ. ಟ್ರ್ಯಾಕಿನವರು ಇದನ್ನು ಕ್ವಾಲಿಫೈಯಿಂಗ್ ಎನ್ನುತ್ತಾರೆ. ರೇಸಿನಲ್ಲಿ ಯಾರು ಯಾವ ಸಾಲಿನಿಂದ ಹೊರಡಬೇಕು ಎಂಬುದು ತೀರ್ಮಾನವಾಗುವುದು ಇಲ್ಲಿ. ರೇಸಿನಲ್ಲಿ ಹತ್ತಾರು ಕಾರು ಒಟ್ಟಿಗೆ ನುಗ್ಗುತ್ತವೆ, ಒಂದಕ್ಕೊಂದು ತಾಗುತ್ತವೆ, ಯಾರದೋ ತಪ್ಪಿಗೆ ಇನ್ಯಾರೋ ಮರಳಿಗೆ ಇಳಿಯುತ್ತಾರೆ. ಅರ್ಹತಾ ಸುತ್ತಿನಲ್ಲಿ ಮಾತ್ರ ಚಾಲಕನಿಗೆ ಎದುರಾಗಿ ಇರುವುದು ಗಡಿಯಾರವೊಂದೇ. ಓಡಿಸುವವರ ಕೈ ಎಂಥದು ಎಂದು ತಿಳಿಯಬೇಕಾದವರು ನೋಡಬೇಕಾದದ್ದು ಇದನ್ನು.

ಇದನ್ನು ಕಲಿಯಲು ದಕ್ಷಿಣದಲ್ಲಿ ಕೊಯಮತ್ತೂರಿಗಿಂತ ಒಳ್ಳೆಯ ಊರಿಲ್ಲ. ನಗರದ ದಕ್ಷಿಣಕ್ಕೆ ಚೆಟ್ಟಿಪಾಳಯದ ಹತ್ತಿರ ಕರಿ ಮೋಟಾರ್ ಸ್ಪೀಡ್‌ವೇ ಇದೆ. 2003ರಲ್ಲಿ ಶುರುವಾದ, ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಉದ್ದದ ಟ್ರ್ಯಾಕ್ ಇದು. ಹೆಸರಿನಲ್ಲಿರುವ ‘ಕರಿ’ ಅಂದರೆ ಎಸ್. ಕರಿವರ್ಧನ್, ಇಲ್ಲಿನ ಲಕ್ಷ್ಮಿ ಮಿಲ್ಸ್ ಮನೆತನದವರು. ವಿದೇಶದಿಂದ ರೇಸ್ ಕಾರು ತರಿಸುವುದು ಕೆಲವೇ ಶ್ರೀಮಂತರಿಗೆ ಸಾಧ್ಯವಿದ್ದ ಕಾಲದಲ್ಲಿ, ಮಾರುತಿ 800ರ ಎಂಜಿನನ್ನು ಬಳಸಿ ಒಬ್ಬರೇ ಕೂರುವ ರೇಸ್ ಕಾರನ್ನು ಊರಲ್ಲೇ ಕಟ್ಟಿದವರು ಅವರು. ಫಾರ್ಮುಲಾ ಮಾರುತಿ ಎಂಬ ಆ ಕಾರು 1980ರ ದಶಕದ ಕೊನೆಯಲ್ಲಿ ಬಂತು, ಒಂದು ಇಡೀ ತಲೆಮಾರು ಅದರಲ್ಲೇ ರೇಸ್ ಕಲಿಯಿತು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದರು. ಅವರು ಹಾಕಿಕೊಟ್ಟ ದಾರಿ ನಿಲ್ಲಲಿಲ್ಲ. ಸರಪಳಿ ತಯಾರಿಸುವ ಇದೇ ಊರಿನ ಎಲ್‌ಜಿಬಿ ಕಂಪನಿಯ ಹೆಸರಿನ ಫಾರ್ಮುಲಾ ಕಾರುಗಳು ಮಾರುತಿ ಸ್ವಿಫ್ಟ್‌ನ ಎಂಜಿನ್ ಹೊತ್ತು ಈಗಲೂ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಓಡುತ್ತಿವೆ. ನೂಲಿನ ಗಿರಣಿ, ಎರಕದ ಕಾರ್ಖಾನೆ, ಪಂಪು, ಲೇತು ಎಂದು ಬೆಳೆದ ಊರಿಗೆ ಇದು ದೂರದ ಮಾತೇನಲ್ಲ. ಒಂದು ಬಿಡಿಭಾಗ ಮುರಿದರೆ ಅದನ್ನು ಕಡೆದುಕೊಡುವ ಕೈಗಳು ಇಲ್ಲಿನ ಬೀದಿಬೀದಿಯಲ್ಲಿವೆ.

ಎಲ್‌ಜಿಬಿ ಕಾರುಗಳ ರೇಸಿನಲ್ಲಿ ಎಲ್ಲರದೂ ಒಂದೇ ಬಗೆಯ ಚಾಸಿ, ಒಂದೇ ಬಗೆಯ ಎಂಜಿನ್, ಒಂದೇ ಬಗೆಯ ಟೈರು. ಒಂದೇ ರಾಗವನ್ನು ಒಬ್ಬರಾದ ಮೇಲೊಬ್ಬರು ಹಾಡಿದಾಗ ಹಾಡುಗಾರರ ತೂಕ ತಿಳಿಯುವ ಹಾಗೆ, ಇಲ್ಲಿ ವ್ಯತ್ಯಾಸವೆಲ್ಲ ಮನುಷ್ಯರದು. ಹೊಸ ರಸಿಕರು ದುಬಾರಿ ಕಾರುಗಳ ವೇಗಕ್ಕೆ ಮರುಳಾಗುವ ಮೊದಲು ಈ ಸರಳ ಕಾರುಗಳನ್ನು ನೋಡಿ ಕಣ್ಣು ಪಳಗಿಸಿಕೊಳ್ಳುವುದು ಒಳ್ಳೆಯದು.

ಏನನ್ನು ನೋಡಬೇಕು? ಮೊದಲು ಒಂದು ಲೆಕ್ಕ ತಲೆಯಲ್ಲಿರಲಿ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಸುಮಾರು 2.8 ಮೀಟರ್ ಮುಂದೆ ಹೋಗಿರುತ್ತದೆ. ಫಲಿತಾಂಶದ ಹಾಳೆಯಲ್ಲಿ ಇಬ್ಬರ ನಡುವೆ 0.1 ಎಂದು ಕಂಡರೆ, ಪೂರ್ತಿ ಒಂದು ಸುತ್ತು ಓಡಿಯೂ ಇಬ್ಬರ ನಡುವೆ ಉಳಿದ ಅಂತರ ಅಷ್ಟೇ ಎಂದು ತಿಳಿಯಿರಿ. ಆ ಮೂರು ಹೆಜ್ಜೆಯ ನೆಲ ಎಲ್ಲಿ ಸಿಕ್ಕಿತು, ಎಲ್ಲಿ ಹೋಯಿತು ಎಂದು ಹುಡುಕುವುದೇ ನಮ್ಮ ಕೆಲಸ.

ಅದನ್ನು ಹುಡುಕಬೇಕಾದದ್ದು ನೇರ ಹಾದಿಯಲ್ಲಲ್ಲ. ಅಲ್ಲಿ ಎಲ್ಲರ ಕಾಲೂ ಆಕ್ಸಿಲರೇಟರಿನ ಮೇಲೆ ಪೂರ್ತಿ ಒತ್ತಿರುತ್ತದೆ. ನೇರ ಹಾದಿ ಮುಗಿದು ಬಿಗಿಯಾದ ತಿರುವು ಬರುವ ಕಡೆ, ಬೇಲಿಯ ಈಚೆ, ಜಾಗ ಹಿಡಿಯಿರಿ. ಬೇಲಿಯ ಒಂದು ಕಂಬವನ್ನೋ ಜಾಹೀರಾತಿನ ಫಲಕವನ್ನೋ ಗುರುತಿಟ್ಟುಕೊಂಡು, ಪ್ರತಿ ಕಾರೂ ಅದರ ಮುಂಚೆ ಬ್ರೇಕ್ ಒತ್ತುತ್ತದೋ ಆಮೇಲೋ ನೋಡುತ್ತಾ ಹೋಗಿ. ಎಂಜಿನ್ನಿನ ದನಿ ಕುಸಿಯುವ ಕ್ಷಣವೇ ಬ್ರೇಕಿನ ಕ್ಷಣ, ಕಿವಿಗೆ ಅದು ಕಣ್ಣಿಗಿಂತ ಬೇಗ ಗೊತ್ತಾಗುತ್ತದೆ. ಎಲ್ಲರಿಗಿಂತ ತಡವಾಗಿ ಬ್ರೇಕ್ ಒತ್ತಿದವರೇ ಗಟ್ಟಿಗರು ಎಂದು ಮೊದಮೊದಲು ಅನ್ನಿಸುತ್ತದೆ. ಅಲ್ಲ. ತಡವಾಗಿ ಒತ್ತಿದವರು ತಿರುವಿನ ಒಳಅಂಚನ್ನು ಹಿಡಿಯಲಾಗದೆ ಅಗಲಕ್ಕೆ ಸರಿದು, ಮತ್ತೆ ವೇಗ ತುಂಬಿಕೊಳ್ಳಲು ಕಾಯಬೇಕಾಗಿ ಬಂದರೆ, ಆಚೆಗಿನ ನೇರ ಹಾದಿಯುದ್ದಕ್ಕೂ ಅದರ ಸಾಲ ತೀರಿಸುತ್ತಿರುತ್ತಾರೆ. ಹಾಗಾಗಿ ಎರಡನೆಯ ದನಿಗೂ ಕಾಯಿರಿ. ತಿರುವಿನ ನಡುವೆ ಎಂಜಿನ್ ಮತ್ತೆ ಏರುವ ದನಿ ಯಾರ ಕಾರಿನಲ್ಲಿ ಬೇಗ ಕೇಳಿಸುತ್ತದೆ, ಒಮ್ಮೆ ಏರಿದ ಮೇಲೆ ತಡವರಿಸದೆ ಏರುತ್ತಲೇ ಹೋಗುತ್ತದೆ? ಸಾಮಾನ್ಯವಾಗಿ ಅವರ ಹೆಸರೇ ಪಟ್ಟಿಯ ಮೇಲ್ಭಾಗದಲ್ಲಿರುತ್ತದೆ.

ಆಮೇಲೆ ಕೈಗಳನ್ನು ನೋಡಿ. ಮೇಲೆ ಮುಚ್ಚಿಗೆಯಿಲ್ಲದ ಕಾರು, ಹೆಲ್ಮೆಟ್ಟೂ ಭುಜವೂ ಬೇಲಿಯಾಚೆಯಿಂದಲೇ ಕಾಣುತ್ತವೆ. ತಿರುವಿನಲ್ಲಿ ಸ್ಟಿಯರಿಂಗನ್ನು ಒಂದೇ ಸಲ ತಿರುಗಿಸಿ ಹಾಗೇ ಹಿಡಿದವರ ಭುಜ ಅಲುಗುವುದಿಲ್ಲ. ಎರಡು ಮೂರು ಸಲ ಸರಿಪಡಿಸಿಕೊಳ್ಳುವವರ ಹೆಲ್ಮೆಟ್ ಅತ್ತಿತ್ತ ಕುಲುಕುತ್ತದೆ. ಪ್ರತಿ ತಿದ್ದುಪಡಿಯೂ ಟೈರನ್ನು ತುಸು ಉಜ್ಜುತ್ತದೆ, ತುಸು ವೇಗ ಕದಿಯುತ್ತದೆ. ನೋಡುವವರಿಗೆ ರೋಮಾಂಚನ ತರುವ, ಹಿಂಬದಿ ಜಾರಿಸುತ್ತಾ ಹೋಗುವ ಚಾಲನೆಗಿಂತ ಏನೂ ನಡೆಯುತ್ತಿಲ್ಲವೆಂಬಂತೆ ಕಾಣುವ ಚಾಲನೆಯೇ ಟಾರು ರಸ್ತೆಯ ಮೇಲೆ ವೇಗದ್ದು. ಈ ನಿಶ್ಚಲತೆಯ ರುಚಿ ಹತ್ತಿತೆಂದರೆ ನೀವು ರಸಿಕರಾದಿರಿ.

ಅರ್ಹತಾ ಸುತ್ತಿನ ಒಟ್ಟು ಕಾಲ ನಿಗದಿಯಾದದ್ದು, ಅಷ್ಟು ನಿಮಿಷಗಳಲ್ಲಿ ಯಾವಾಗ ಹೊರಡಬೇಕು ಎಂಬುದು ಚಾಲಕರ ಜಾಣತನಕ್ಕೆ ಬಿಟ್ಟದ್ದು. ಪಿಟ್‌ನಿಂದ ಹೊರಟವರು ಮೊದಲ ಸುತ್ತಿನಲ್ಲಿ ಹಾವಿನಂತೆ ಅಂಕುಡೊಂಕಾಗಿ ಹೋಗುವುದು ಟೈರು ಬಿಸಿಯಾಗಲೆಂದು. ಬೇಗ ಹೊರಟರೆ ಹಾದಿ ಖಾಲಿ ಸಿಗುತ್ತದೆ. ತಡೆದು ಹೊರಟರೆ ಉಳಿದವರ ಟೈರಿನ ರಬ್ಬರು ಹಾದಿಗೆ ಅಂಟಿ ಹಿಡಿತ ಹೆಚ್ಚಿರುತ್ತದೆ, ಆದರೆ ಯಾರಾದರೂ ತಿರುಗಿ ನಿಂತು, ವೇಗ ಇಳಿಸಿ ಎನ್ನುವ ಹಳದಿ ಬಾವುಟ ಬಂದರೆ ಎಲ್ಲವೂ ಹಾಳು. ಮುಂದೆ ಇನ್ನೊಂದು ಕಾರಿದ್ದರೆ ಅದು ಸೀಳಿದ ಗಾಳಿಯ ಬೆನ್ನಿಗೆ ಬಿದ್ದು ನೇರ ಹಾದಿಯಲ್ಲಿ ವೇಗ ಗಳಿಸಬಹುದು, ತೀರ ಹತ್ತಿರವಾದರೆ ತಿರುವಿನಲ್ಲಿ ಅದೇ ಕಾರು ಅಡ್ಡವಾಗುತ್ತದೆ. ಚಿಕ್ಕ ಟ್ರ್ಯಾಕಿನಲ್ಲಿ ಈ ಅಂತರ ಹೊಂದಿಸುವುದು ಬಲು ಕಷ್ಟ. ಇದರ ಮೇಲೆ ಈ ಸೀಮೆಯ ಗಾಳಿ ಬೇರೆ. ಮುಂಗಾರಿನ ತಿಂಗಳುಗಳಲ್ಲಿ ಪಾಲಕ್ಕಾಡು ಕಣಿವೆಯಿಂದ ನುಗ್ಗುವ ಗಾಳಿಯನ್ನು ನಂಬಿಯೇ ಪಲ್ಲಡಂ, ಉಡುಮಲಪೇಟೆ ಕಡೆಯ ಹೊಲಗಳಲ್ಲಿ ಗಾಳಿಯಂತ್ರಗಳು ಎದ್ದಿವೆ. ಎದುರುಗಾಳಿಯಿದ್ದರೆ ಬ್ರೇಕ್ ತಡವಾಗಿ ಒತ್ತಬಹುದು, ಬೆನ್ನಗಾಳಿಯಿದ್ದರೆ ಮುಂಚೆಯೇ ಒತ್ತಬೇಕು. ಬೆಳಗಿನ ಅಭ್ಯಾಸದಲ್ಲಿ ಕಲಿತ ಗುರುತು ಮಧ್ಯಾಹ್ನ ಸುಳ್ಳಾಗುತ್ತದೆ.

ಇಷ್ಟು ತಿಳಿದ ಮೇಲೆ ದೊಡ್ಡ ಕತೆಗೆ ಬರಬಹುದು. ದೇಶಗಳೇ ತಂಡಗಳಾಗಿ ಸೆಣಸುವ ಚಳಿಗಾಲದ ಸ್ಪರ್ಧೆಯೊಂದು ಮೋಟಾರ್ ರೇಸಿನಲ್ಲೂ ಇತ್ತು. ಅದರ ಹೆಸರು ಎ1 ಗ್ರ್ಯಾನ್‌ಪ್ರಿ, 2005ರಿಂದ 2009ರವರೆಗೆ ನಡೆಯಿತು. ಯುರೋಪಿನ ಚಳಿಗೆ ಫಾರ್ಮುಲಾ ಒನ್ ಮಲಗಿರುವ ತಿಂಗಳುಗಳಲ್ಲೇ ಇದರ ಋತುವಿನ ಬಹುಭಾಗ. ದೇಶಕ್ಕೊಂದು ಕಾರು, ಓಡಿಸುವವರು ಆಯಾ ದೇಶದವರೇ ಆಗಿರಬೇಕು, ಕಾರುಗಳೆಲ್ಲ ಒಂದೇ ಬಗೆಯವು, ಮೊದಲ ಮೂರು ಋತುಗಳಲ್ಲಿ ಲೋಲಾ ಚಾಸಿ, ಝೈಟೆಕ್ ಎಂಜಿನ್. ಚೆಟ್ಟಿಪಾಳಯದ ನೀತಿಯೇ ಅಲ್ಲೂ, ಪ್ರಮಾಣ ಮಾತ್ರ ಹಿರಿದು.

ಅದರ ಅರ್ಹತಾ ಸುತ್ತು ನಾನು ಕಂಡ ಪದ್ಧತಿಗಳಲ್ಲೆಲ್ಲ ಚೆಂದದ್ದು. ನಾಲ್ಕು ಪುಟ್ಟ ಭಾಗಗಳು, ಒಂದೊಂದರಲ್ಲೂ ಲೆಕ್ಕಕ್ಕೆ ಬರುವುದು ಒಂದೇ ಒಂದು ವೇಗದ ಸುತ್ತು. ಮೊದಲ ಎರಡು ಋತುಗಳಲ್ಲಿ ನಾಲ್ಕರ ಪೈಕಿ ಒಳ್ಳೆಯ ಎರಡು ಕಾಲಗಳನ್ನು ಕೂಡಿಸುತ್ತಿದ್ದರು. ಮೂರನೆಯ ಋತುವಿನಲ್ಲಿ, ಅಲ್ಲಿ ನಡೆಯುತ್ತಿದ್ದ ಎರಡು ರೇಸುಗಳ ಪೈಕಿ ಚಿಕ್ಕದಕ್ಕೆ ಮೊದಲ ಎರಡು ಭಾಗಗಳು, ದೊಡ್ಡದಕ್ಕೆ ಕೊನೆಯ ಎರಡು ಎಂದು ಹಂಚಿದರು. ಒಂದೇ ಸುತ್ತು ಸಿಗುವಾಗ ತಪ್ಪಿ ತಿದ್ದಿಕೊಳ್ಳುವ ಅವಕಾಶವಿಲ್ಲ. ಹಾಗೆಂದು ಹುಷಾರಾಗಿ ಓಡಿಸಿದರೆ ಸಾಲಿನ ಹಿಂದಕ್ಕೆ ಹೋಗುತ್ತೀರಿ.

ಭಾರತ ತಂಡಕ್ಕೆ ಮೊದಲ ಗೆಲುವು ತಂದುಕೊಟ್ಟವರು ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್. 2007ರ ಡಿಸೆಂಬರಿನಲ್ಲಿ, ಚೀನಾದ ಝುಹಾಯ್‌ನ ದೊಡ್ಡ ರೇಸಿನಲ್ಲಿ. 2008ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಇನ್ನೊಂದು. ಅವರ ತಂದೆ ಜಿ.ಆರ್. ಕಾರ್ತಿಕೇಯನ್ ದಕ್ಷಿಣ ಭಾರತದ ಹೆಸರಾಂತ ರ‍್ಯಾಲಿ ಚಾಲಕರಾಗಿದ್ದವರು. ಮಗ ಫಾರ್ಮುಲಾ ಮಾರುತಿಯಲ್ಲಿ ಕೈ ಪಳಗಿಸಿಕೊಂಡು, 1994ರಲ್ಲಿ ಬ್ರಿಟನ್ನಿನ ಫಾರ್ಮುಲಾ ಫೋರ್ಡ್ ಚಳಿಗಾಲದ ಸರಣಿಯನ್ನೂ 1996ರಲ್ಲಿ ಫಾರ್ಮುಲಾ ಏಷ್ಯಾವನ್ನೂ ಗೆದ್ದು, 2005ರಲ್ಲಿ ಜೋರ್ಡನ್ ತಂಡದ ಕಾರಿನಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯ.

ಎ1ಗೆ ದೇಶಗಳು ಅಂಕ ಗಳಿಸಿ ಬಂದವಲ್ಲ, ಹಣ ಹಾಕಿ ತಂಡದ ಹಕ್ಕು ಪಡೆದು ಬಂದವು. ಅದು ಬೇಗ ಬಾಗಿಲು ಹಾಕಿದ್ದಕ್ಕೂ ಹಣದ ತೊಂದರೆಯೇ ಕಾರಣ. ಗಳಿಸಿಯೇ ಬರಬೇಕಾದ ಏರ್ಪಾಡು ಹೇಗಿರುತ್ತದೆಂದು ನೋಡಬೇಕಿದ್ದರೆ ಚಳಿಗಾಲದ ಒಲಿಂಪಿಕ್ಸ್‌ನ ಕರ್ಲಿಂಗ್ ನೋಡಿ. ಮಂಜುಗಡ್ಡೆಯ ಮೇಲೆ ಗ್ರಾನೈಟ್ ಕಲ್ಲು ಜಾರಿಸುವ ಆ ಆಟದಲ್ಲಿ ಪುರುಷರ ವಿಭಾಗಕ್ಕೂ ಮಹಿಳೆಯರ ವಿಭಾಗಕ್ಕೂ ಹತ್ತು ಹತ್ತೇ ದೇಶಗಳು. ಆತಿಥೇಯ ದೇಶಕ್ಕೆ ಜಾಗ ಮೊದಲೇ ಇರುತ್ತದೆ. ಹೆಚ್ಚಿನವರು ಹಿಂದಿನ ವಿಶ್ವ ಚಾಂಪಿಯನ್‌ಷಿಪ್‌ಗಳ ಸಾಧನೆಯ ಮೇಲೆ ಬರುತ್ತಾರೆ, ಉಳಿದ ಕೆಲವೇ ಜಾಗಗಳಿಗೆ ಕಟ್ಟಕಡೆಯಲ್ಲಿ ಒಂದು ಅರ್ಹತಾ ಪಂದ್ಯಾವಳಿ. ಫಾರ್ಮುಲಾ ಒನ್‌ಗೂ ಈಗ ಇಂಥದೇ ಏಣಿ ಇದೆ. ಅಲ್ಲಿ ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ಗೆ ಮೂರು ಋತುಗಳಲ್ಲಿ 40 ಅಂಕ ಕೂಡಿಸಬೇಕು. ಯಾವುದೇ ದೇಶದ ಫಾರ್ಮುಲಾ 4 ಚಾಂಪಿಯನ್‌ಗೆ ಸಿಗುವುದು 12. ಭಾರತದ ಫಾರ್ಮುಲಾ 4ರ ಕೆಲವು ಸುತ್ತುಗಳು 2024ರಲ್ಲಿ ಕರಿ ಟ್ರ್ಯಾಕಿನಲ್ಲೇ ನಡೆದವು. ಅಲ್ಲಿ ಗೆಲ್ಲುವ ಹುಡುಗರ ಮುಂದೆ ಇನ್ನೂ 28 ಅಂಕಗಳ ದಾರಿ ಇದೆ, ಅದು ಬಹುಪಾಲು ಯುರೋಪಿನಲ್ಲಿ, ಅಲ್ಲಿನ ಖರ್ಚಿನಲ್ಲಿ. ಪ್ರತಿಭೆ ಚೆಟ್ಟಿಪಾಳಯದಲ್ಲಿ ಕಂಡರೂ ಏಣಿಯ ಮಧ್ಯದ ಮೆಟ್ಟಿಲುಗಳು ನಮ್ಮಲ್ಲಿಲ್ಲ. ಕಾರ್ತಿಕೇಯನ್, 2010ರಲ್ಲಿ ಚೆನ್ನೈನ ಕರುಣ್ ಚಂಧೋಕ್, ಇಬ್ಬರ ಬಳಿಕ ಫಾರ್ಮುಲಾ ಒನ್ ರೇಸಿಗೆ ಭಾರತದವರು ಯಾರೂ ಹೋಗದಿರುವುದಕ್ಕೆ ಇದೇ ಮುಖ್ಯ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಅಭ್ಯಾಸ ಬೆಳೆಸಿಕೊಳ್ಳಿ. ಪಟ್ಟಿಯ ತುದಿಯಂತೆ ಬುಡವನ್ನೂ ಓದಿ. ಫಾರ್ಮುಲಾ ಒನ್‌ನಲ್ಲಿ ಶೇ 107ರ ನಿಯಮವಿದೆ. ಅರ್ಹತಾ ಸುತ್ತಿನ ಮೊದಲ ಭಾಗದಲ್ಲಿ ಎಲ್ಲರಿಗಿಂತ ವೇಗದ ಸುತ್ತು 90 ಸೆಕೆಂಡ್ ಎಂದಾದರೆ 96.3 ಸೆಕೆಂಡಿನೊಳಗೆ ಮುಗಿಸದವರಿಗೆ ರೇಸಿನಲ್ಲಿ ಜಾಗವಿಲ್ಲ, ಅಧಿಕಾರಿಗಳು ವಿಶೇಷ ಅನುಮತಿ ಕೊಟ್ಟರಷ್ಟೇ ಉಂಟು. ಕಾರ್ತಿಕೇಯನ್ ಎಚ್‌ಆರ್‌ಟಿ ಎಂಬ ಬಡ ತಂಡದಲ್ಲಿದ್ದಾಗ 2011ರಲ್ಲೂ 2012ರಲ್ಲೂ ಋತುವಿನ ಮೊದಲ ರೇಸಿನಲ್ಲೇ, ಮೆಲ್ಬರ್ನ್‌ನಲ್ಲಿ, ಈ ಗೆರೆ ದಾಟಲಾಗಲಿಲ್ಲ. ಎರಡು ಸಲವೂ ಅವರ ಜೊತೆಗಾರರದೂ ಅದೇ ಗತಿ. ಒಂದೇ ತಂಡದ ಎರಡೂ ಕಾರು ಹೊರಗುಳಿದರೆ ದೋಷ ಕಾರಿನದೆಂದು ಓದಬೇಕು. ಜೊತೆಗಾರರಿಗೆ ಹೋಲಿಸಿ ಓದುವುದು ಯಾವ ಪಟ್ಟಿಗಾದರೂ ಸಲ್ಲುವ ಕ್ರಮ. ಇದೇ ಕಾರ್ತಿಕೇಯನ್ ಸಮಾನ ಕಾರು ಸಿಕ್ಕಾಗ ಝುಹಾಯ್‌ನಲ್ಲಿ ಏನು ಮಾಡಿದ್ದರೆಂಬುದು ನಿಮಗೆ ಗೊತ್ತೇ ಇದೆ.

ಈ ರುಚಿ ಹತ್ತಿದವರು ತಿರುಪ್ಪೂರು ಜಿಲ್ಲೆಯ ಕೇತನೂರು ಕಡೆಯ ರ‍್ಯಾಲಿಯನ್ನೂ ನೋಡಬೇಕು. ಗಾಳಿಯಂತ್ರಗಳ ನಡುವಿನ ಮಣ್ಣುದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿಯ ಹಂತಗಳು ನಡೆದಿವೆ. ಅಲ್ಲಿ ಕಾರುಗಳನ್ನು ಒಂದಾದ ಮೇಲೊಂದರಂತೆ ಬಿಡುತ್ತಾರೆ, ಇಡೀ ಸ್ಪರ್ಧೆಯೇ ಗಡಿಯಾರದ ಎದುರು. ನಿಲ್ಲುವಾಗ ತಿರುವಿನ ಹೊರಬದಿ ಬೇಡ. ಅಂಕೆ ತಪ್ಪಿದ ಕಾರು ಬರುವುದು ಆ ಕಡೆಗೇ. ಒಳಬದಿಯಲ್ಲಿ, ದಾರಿಯಿಂದ ದೂರದ ಎತ್ತರದ ದಿಬ್ಬ ಹುಡುಕಿಕೊಳ್ಳಿ. ಒಂದು ಕಾರು ಹೋದ ಧೂಳು ಇಳಿಯುವಷ್ಟರಲ್ಲಿ ಮುಂದಿನದರ ದನಿ ಕೇಳಿಸುತ್ತದೆ, ದಾರಿ ದಾಟಲು ಹೋಗಬೇಡಿ.